ಷರಾ: ಖಾಲಿ

ಜನವರಿ 9

ಮುಖ್ಯ ಗ್ರಂಥಪಾಲಕರಿಗೆ,
(ಇದರ ಒಂದು ಪ್ರತಿಯನ್ನು ಓದುವ ಕೋಣೆಯ ಸೂಚನಾಫಲಕಕ್ಕೆ ನಾನೇ ಅಂಟಿಸಿದ್ದೇನೆ. ಕೀಳಬೇಡಿ.)

ಕಳೆದ ನವೆಂಬರ್ ಹದಿನಾಲ್ಕರ ಬೆಳಿಗ್ಗೆ ಮೂವತ್ತೆಂಟು ಜನರ ದನಿಯನ್ನು ನೀವು ಗೋಣಿಚೀಲಕ್ಕೆ ತುಂಬಿ ಗುಜರಿಗೆ ಕೊಟ್ಟಿರಿ. ಇದು ಆರೋಪವಲ್ಲ, ನಡೆದದ್ದು. ಚೀಲ ಹೊತ್ತವರು ನಿಮ್ಮಲ್ಲೇ ಪುಸ್ತಕಗಳಿಗೆ ರಟ್ಟು ಕಟ್ಟುವ ಹಿರಿಯರು, ಎಲ್ಲರೂ ಗೋಂದಣ್ಣ ಎಂದು ಕರೆಯುವವರು. "ಬಿಸಿಲಿಗೆ ಬಂದ ಕೂಡ್ಲೇ ಚೀಲದ ಬಾಯಲ್ಲಿ ಕಾಮನಬಿಲ್ಲು ಕಾಣಿಸ್ತು ಸ್ವಾಮಿ. ಇಷ್ಟು ಚೆಂದದ ಕಸ ನಾನು ಹೊತ್ತೇ ಇರ್ಲಿಲ್ಲ" ಎಂದು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ.

ನೀವು ಈ ಕುರ್ಚಿಗೆ ಬಂದು ಮೂರು ವರ್ಷವಾಯಿತು. ಅದಕ್ಕೂ ಮುಂಚಿನದನ್ನು ನಾನು ನೆನಪಿಸುತ್ತೇನೆ. ಏಳು ವರ್ಷದ ಹಿಂದೆ ಈ ಗ್ರಂಥಾಲಯ 'ದುಡಿದವರ ಮಾತು' ಎಂಬ ಕೆಲಸ ಹಮ್ಮಿಕೊಂಡಿತು. ಡಿಸ್ಕಿನ ಮೇಲೆ ನೇರವಾಗಿ ದನಿ ಬರೆಯುವ ಯಂತ್ರವೊಂದನ್ನು ಸೂಟ್‌ಕೇಸಿನಲ್ಲಿಟ್ಟು ನಮ್ಮಂಥ ಆಸಕ್ತರಿಗೆ ಕೊಟ್ಟಿತು. ನಾವು ಮನೆಮನೆಗೆ ಹೋದೆವು. ಗಡಿಯಾರ ರಿಪೇರಿಯವರು, ಸೂಲಗಿತ್ತಿ, ಸಿನಿಮಾ ಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದವರು, ನಲವತ್ತು ವರ್ಷ ಒಂದೇ ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋದವರು, ಇವರೆಲ್ಲ ತಮ್ಮ ಕೆಲಸದ ಬಗ್ಗೆ ಮಾತಾಡಿದರು. ಒಟ್ಟು ನೂರನಾಲ್ಕು ಡಿಸ್ಕುಗಳಾದವು. ಇವತ್ತು ನಿಮ್ಮ ಕಪಾಟಿನಲ್ಲಿ ಅರವತ್ತಾರು ಇವೆ.

ಉಳಿದವು ಎಲ್ಲಿ ಎಂದು ಡಿಸೆಂಬರಿನಲ್ಲಿ ಕೇಳಿದ್ದಕ್ಕೆ ಒಂದು ಪಟ್ಟಿ ತೋರಿಸಿದರು. ಮೂವತ್ತೆಂಟು ಸಾಲು. ಪ್ರತಿ ಸಾಲಿನ ಕೊನೆಯಲ್ಲಿ, ಷರಾ: ಖಾಲಿ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ತಪ್ಪು ಪದ ಕಂಡರೆ ಈಗಲೂ ಕೈ ಕೆಂಪು ಪೆನ್ಸಿಲ್ ಹುಡುಕುತ್ತದೆ. ಆ ಪಟ್ಟಿಯ ಒಂದೇ ಪದ ಮೂವತ್ತೆಂಟು ಸಲ ತಪ್ಪು.

ಮೂವತ್ತೊಂದನೆಯ ಸಾಲು ನನ್ನ ಹೆಂಡತಿ.

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಇಪ್ಪತ್ತಾರು ವರ್ಷ ಇಡೀ ಊರಿಗೆ "ಲೈನಿನಲ್ಲೇ ಇರಿ" ಎಂದು ಹೇಳಿದವಳು. ಅವಳ ದನಿ ಖಾಲಿ ಎಂದು ತೀರ್ಮಾನಿಸಿದವರು ಯಾರು? ಯಾವ ಯಂತ್ರದಲ್ಲಿ ಹಾಕಿ ನೋಡಿದಿರಿ?

ಉತ್ತರ ಬೇಕು.

ಒಬ್ಬ ನಿವೃತ್ತ ಪ್ರೂಫ್ ರೀಡರ್


ಜನವರಿ 23

ಮಾನ್ಯರೇ,

ತಮ್ಮ ದಿನಾಂಕ 9ರ ಪತ್ರಕ್ಕೆ ಸಂಬಂಧಿಸಿದಂತೆ, ಮುಖ್ಯ ಗ್ರಂಥಪಾಲಕರ ಸೂಚನೆಯ ಮೇರೆಗೆ ತಿಳಿಸುವುದೇನೆಂದರೆ: ಧ್ವನಿ ವಿಭಾಗದ ಎಲ್ಲ ಡಿಸ್ಕುಗಳನ್ನು ಅಕ್ಟೋಬರ್ ತಿಂಗಳಿನಲ್ಲಿ ಕಂಪ್ಯೂಟರಿಗೆ ಜೋಡಿಸುವ ಹೊಸ ಡ್ರೈವಿನ ಮೂಲಕ ಪರಿಶೀಲಿಸಲಾಗಿದೆ. ಪ್ರತಿ ಡಿಸ್ಕಿನ ಫೈಲ್ ಸಿಸ್ಟಮ್, ಫೈಲುಗಳ ಸಂಖ್ಯೆ ಹಾಗೂ ಗಾತ್ರವನ್ನು ನಮೂನೆಯಲ್ಲಿ ದಾಖಲಿಸಲಾಗಿದೆ. ತಾವು ಪ್ರಸ್ತಾಪಿಸಿದ ಮೂವತ್ತೆಂಟು ಡಿಸ್ಕುಗಳಲ್ಲಿ ಫೈಲ್ ಸಿಸ್ಟಮ್ ಇಲ್ಲ, ಫೈಲುಗಳ ಸಂಖ್ಯೆ ಸೊನ್ನೆ, ಗಾತ್ರ ಸೊನ್ನೆ ಎಂದು ಕಂಡುಬಂದ ಕಾರಣ ನಿಯಮಾನುಸಾರ ವಿಲೇವಾರಿ ಮಾಡಲಾಗಿದೆ.

ತಮ್ಮ ಆಸಕ್ತಿಗೆ ವಂದನೆಗಳು.

ತಾಂತ್ರಿಕ ಸಹಾಯಕಿ, ಧ್ವನಿ ವಿಭಾಗ


ಜನವರಿ 26

ಮಗಳೇ,

ಒಳಗಿನ ಕಾಗದವನ್ನು ಯಂತ್ರ ಬರೆದಿತ್ತು. ಆದರೆ ಲಕೋಟೆಯ ಮೇಲಿನ ವಿಳಾಸ ಕೈಬರಹ. 'ಣ'ದ ಬಾಲವನ್ನು ಹಾಗೆ ಸುತ್ತಿ ಮೇಲಕ್ಕೆ ಒಯ್ಯುವವಳು ಒಬ್ಬಳೇ. ಮೂರನೇ ಕ್ಲಾಸಿನಲ್ಲಿ ಆ ಬಾಲ ಕತ್ತರಿಸಲು ನಾನು ಎಷ್ಟು ಪೆನ್ಸಿಲ್ ಸವೆಸಿದೆ! ಇನ್ನೂ ಬೆಳೆಯುತ್ತಲೇ ಇದೆ.

ಎರಡು ವರ್ಷದಿಂದ ನೀನು ಆ ಕಟ್ಟಡದಲ್ಲಿದ್ದೀಯೆಂದು ಗೊತ್ತಿತ್ತು. ನಾಲ್ಕು ಬಸ್ ಸ್ಟಾಪ್ ದೂರ. ಓದುವ ಕೋಣೆಗೆ ವಾರಕ್ಕೆ ಮೂರು ದಿನ ಬರುತ್ತೇನೆ, ಮೇಲಿನ ಮಹಡಿಗೆ ಹತ್ತುವುದಿಲ್ಲ. ನೀನೂ ಇಳಿಯುವುದಿಲ್ಲ. ಇರಲಿ. ಇದು ಜಗಳದ ಕಾಗದವಲ್ಲ.

ನಿನ್ನ ನಮೂನೆ ಸುಳ್ಳು ಹೇಳಿದೆ. ಹೇಗೆಂದು ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ. ಒಂದು ಪುಸ್ತಕದ ಮುನ್ನೂರು ಪುಟ ಅಚ್ಚಾಗಿದೆ ಎಂದುಕೋ. ಪರಿವಿಡಿ ಮಾತ್ರ ಇನ್ನೂ ಅಚ್ಚಾಗಿಲ್ಲ, ಏಕೆಂದರೆ ಅದನ್ನು ಕೊನೆಗೆ ಮಾಡುವುದು. ಈಗ ಒಬ್ಬ ಬಂದು ಪರಿವಿಡಿಯ ಜಾಗ ತೆರೆದು ನೋಡಿ, ಏನೂ ಇಲ್ಲ, ಆದ್ದರಿಂದ ಇದು ಬಿಳಿ ಕಾಗದ ಎಂದು ತೂಕಕ್ಕೆ ಹಾಕುತ್ತಾನೆ. ನೀವು ಮಾಡಿದ್ದು ಇದೇ. ಆ ಯಂತ್ರದಲ್ಲಿ ಪ್ರತಿ ಸಲ ಮಾತು ಸೇರಿಸಬಹುದಿತ್ತು. ಎಲ್ಲ ಮುಗಿದ ಮೇಲೆ 'ಫೈನಲೈಸ್' ಎಂಬ ಗುಂಡಿ ಒತ್ತಿದರೆ ಡಿಸ್ಕ್ ಮುಚ್ಚಿಕೊಂಡು ಪರಿವಿಡಿ ಬರೆದುಕೊಳ್ಳುತ್ತಿತ್ತು. ಆಮೇಲೆ ಯಾವ ಡ್ರೈವಿನಲ್ಲಾದರೂ ಓದುತ್ತದೆ, ಆದರೆ ಒಂದು ಪದವನ್ನೂ ಸೇರಿಸಲಾಗದು. ಮುಚ್ಚದ ಡಿಸ್ಕ್ ಖಾಲಿಯಲ್ಲ, ತೆರೆದಿದೆ ಅಷ್ಟೆ.

ಅದನ್ನು ಮುಚ್ಚುವ ಕೆಲಸ ನಮ್ಮದಾಗಿರಲಿಲ್ಲ. ಅಂದು ನಮಗೆ ಕೊಟ್ಟ ಸೂಚನೆಯ ಹಾಳೆ ನನ್ನ ಬಳಿ ಇದೆ. ಐದನೆಯ ಅಂಶ: 'ದಯವಿಟ್ಟು ಫೈನಲೈಸ್ ಮಾಡಬೇಡಿ. ಗ್ರಂಥಾಲಯದಲ್ಲಿ ಮಾಡಲಾಗುವುದು.' ನಿಮ್ಮ ಹಳೆಯ ತಂತ್ರಜ್ಞರು ಅರವತ್ತಾರನ್ನು ಮುಚ್ಚಿ ನಿವೃತ್ತರಾದರು. ಅವರ ಜಾಗಕ್ಕೆ ನಾಲ್ಕು ವರ್ಷ ಯಾರೂ ಬರಲಿಲ್ಲ. ಉಳಿದ ಮೂವತ್ತೆಂಟು ಕಾದು ಕೂತವು. ಆಮೇಲೆ ನೀನು ಬಂದೆ.

ಯಂತ್ರ ಬೇಡ, ಕಣ್ಣು ಸಾಕಿತ್ತು. ಡಿಸ್ಕಿನ ಬೆನ್ನನ್ನು ಕಿಟಕಿಗೆ ಹಿಡಿದು ಓರೆ ಮಾಡಿದರೆ ಬರೆದ ಭಾಗ ಒಂದು ಬಣ್ಣ, ಬರೆಯದ ಭಾಗ ಇನ್ನೊಂದು. ನಡುವೆ ಉಂಗುರದಂಥ ಗೆರೆ. ನಿನ್ನ ಅಮ್ಮನ ಡಿಸ್ಕಿನಲ್ಲಿ ಆ ಉಂಗುರ ಅರ್ಧ ದಾರಿ ದಾಟಿತ್ತು. ಹತ್ತು ದಿನದಲ್ಲಿ ಮೂರು ಸಲ ಮಾತಾಡಿದಳು. ಕೊನೆಯ ಸಲ ಮಧ್ಯಾಹ್ನ, ದಿಂಬಿಗೆ ಒರಗಿ. ಬೇರೆ ಊರುಗಳಿಗೆ ಕರೆ ಜೋಡಿಸುವ ಟ್ರಂಕ್ ಬೋರ್ಡಿನಲ್ಲಿ ಎಷ್ಟು ತಂತಿ ಇರುತ್ತಿತ್ತು ಎಂದು ಕೇಳಿದೆ. ನೂರಿಪ್ಪತ್ತು ಎಂದಳು. ನನಗೆ ಎಲ್ಲ ನೆನಪಿದೆ, ನನ್ನ ನೆನಪಿನ ಬಗ್ಗೆ ನಿನಗೆ ಹೇಳಬೇಕಿಲ್ಲ.

ಆ ಪಟ್ಟಿಗೆ ಸಹಿ ಹಾಕುವಾಗ ಮೂವತ್ತೊಂದನೆಯ ಸಾಲಿನಲ್ಲಿ ನಿನ್ನ ಪೆನ್ನು ನಿಲ್ಲಲಿಲ್ಲವೇ?

ಅಪ್ಪ


ಫೆಬ್ರವರಿ 20

ಅಪ್ಪ,

ನಿಂತಿತು.

ಇಡೀ ವಿಭಾಗದ ನಾಲ್ಕು ನೂರು ಡಿಸ್ಕುಗಳಿಗೆ ಮೂರು ದಿನ ಕೊಟ್ಟಿದ್ದರು. ಹೊಸ ಡ್ರೈವ್ ಅಂಗೈ ಅಗಲದ್ದು, ಓದಲು ಮಾತ್ರ ಬರುತ್ತದೆ, ಬರೆಯಲು ಬರುವುದಿಲ್ಲ. ನಮ್ಮ ನಮೂನೆಗೆ ಐಎಸ್ಒ, ಯುಡಿಎಫ್ ಎಂಬ ಎರಡು ಬಗೆಯ ಪರಿವಿಡಿ ಮಾತ್ರ ಗೊತ್ತು. ದನಿಯ ಡಿಸ್ಕಿಗೆ ಫೈಲ್ ಎಂಬುದೇ ಇರುವುದಿಲ್ಲ. ಮುಚ್ಚಿದವು ಹಾಡುಗಳ ಹಾಗೆ ಕಾಣಿಸಿಕೊಂಡವು, ಅವನ್ನು ಷರಾದಲ್ಲಿ ಬರೆದೆ. ಈ ಮೂವತ್ತೆಂಟು ಏನಾಗಿಯೂ ಕಾಣಲಿಲ್ಲ. "ಸರ್, ಇಷ್ಟೊಂದು ಖಾಲಿ ಯಾಕಿರುತ್ತೆ? ಕವರ್ ಮೇಲೆ ಹೆಸರೆಲ್ಲ ಇದೆ" ಎಂದು ಮುಖ್ಯ ಗ್ರಂಥಪಾಲಕರನ್ನು ಕೇಳಿದೆ. "ಡ್ರೈವ್ ಏನು ಹೇಳುತ್ತೋ ಅದನ್ನ ಬರೀಮ್ಮ. ನೀನ್ಯಾಕೆ ತಲೆ ಓಡಿಸ್ತೀಯ?" ಎಂದರು. ಬರೆದೆ. ಅದು ನನ್ನ ತಪ್ಪು. ಕಿಟಕಿ ನನ್ನ ಮೇಜಿನ ಪಕ್ಕದಲ್ಲೇ ಇದೆ. ನಿಮ್ಮ ಕಾಗದ ಓದಿದ ದಿನ ಅಲ್ಲಿ ಹೋಗಿ ನಿಂತೆ, ಓರೆ ಮಾಡಿ ನೋಡಲು ಉಳಿದದ್ದು ಒಂದೇ.

ಹೌದು, ಒಂದು ಉಳಿದಿದೆ. ಚೀಲ ಕಟ್ಟುವ ಮುಂಚೆ ಮೂವತ್ತೊಂದನೆಯದನ್ನು ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಅದು ಕಳ್ಳತನ, ಬೇಕಾದರೆ ಸೂಚನಾಫಲಕಕ್ಕೆ ಅಂಟಿಸಿ. ಕವರಿನ ಮೇಲೆ ನಿಮ್ಮ ಕೆಂಪು ಅಕ್ಷರ: 'ಟೆಲಿಫೋನ್ ಆಪರೇಟರ್. ಇನ್ನೂ ಜಾಗವಿದೆ.'

ಮೂರು ತಿಂಗಳು ಅದು ಖಾಲಿ ಎಂದೇ ನಂಬಿದ್ದೆ. ಹಾಗೆಂದರೆ ನನಗೆ ಏನರ್ಥ ಎಂದು ನಿಮಗೆ ತಿಳಿದಿರಲಿ. ಕೊನೆಯ ಹತ್ತು ದಿನ ಅಮ್ಮನ ಬಾಯಿಗೆ ಮೈಕ್ ಹಿಡಿದಿರಿ. "ಅವಳಿಗೆ ದಣಿವಾಗುತ್ತೆ, ತೆಗೀರಪ್ಪ" ಎಂದು ನಾನು ಫೋನಿನಲ್ಲಿ ಬೇಡಿಕೊಂಡರೂ ಬಿಡಲಿಲ್ಲ. ಅಷ್ಟೆಲ್ಲ ಮಾಡಿ ದನಿ ಬರೆಯುವ ಗುಂಡಿಯನ್ನೇ ಒತ್ತಿರಲಿಲ್ಲ ಎಂದುಕೊಂಡೆ.

ಇನ್ನೊಂದು. ಆಗ ನಾನು ಕೆಲಸಕ್ಕಿದ್ದ ಊರು ಬಸ್ಸಿನಲ್ಲಿ ಮೂರು ಗಂಟೆ. ನೀವು ಬೆಳಗಿನ ಆರಕ್ಕೆ ಫೋನ್ ಮಾಡಿದಿರಿ, ಒಂಬತ್ತೂವರೆಗೆ ಬಂದೆ. ಅವಳ ಮುಖಕ್ಕೆ ಬಟ್ಟೆ ಹೊದಿಸಿಯಾಗಿತ್ತು. ಬಾಗಿಲಲ್ಲೇ ಕೇಳಿದೆ, "ಅಮ್ಮ ನನ್ನ ಕೇಳಿದ್ಲಾ?" ಎಂದು. "ಇಲ್ಲ" ಎಂದಿರಿ. ಚಪ್ಪಲಿ ಬಿಡುತ್ತಿದ್ದೆ ಆಗ, ಒಂದು ಕಾಲಿನದು ಇನ್ನೂ ಕಾಲಲ್ಲೇ ಇತ್ತು. ಆ ಒಂದು ಪದವನ್ನು ಆರು ವರ್ಷದಿಂದ ಹೊತ್ತಿದ್ದೇನೆ. ತಾಯಿ ಸಾಯುವಾಗ ನೆನೆಯದ ಮಗಳು ಎಂಥವಳಿರಬೇಕು ಎಂದು ಲೆಕ್ಕ ಹಾಕುತ್ತ ಹಾಕುತ್ತ ನಿಮ್ಮ ಮನೆಗೆ ಬರುವುದು ನಿಂತುಹೋಯಿತು.

ಖಾಲಿ ಎಂದುಕೊಂಡೂ ಡಿಸ್ಕ್ ಉಳಿಸಿಕೊಂಡದ್ದು ಅದಕ್ಕೇ, ಅವಳ ಕೊನೆಯ ದಿನಗಳಿಂದ ನನಗೆ ಸಿಕ್ಕಿದ್ದು ಅದೊಂದೇ.

ನೀವೂ ಒಂದು ಹೇಳಿ. ಇಷ್ಟು ಸಿಟ್ಟು ಇರುವವರು ಆರು ವರ್ಷ ಯಾಕೆ ಒಂದು ಸಲವೂ ಅದನ್ನು ಕೇಳಲು ಬರಲಿಲ್ಲ?

ನಿಮ್ಮ ಮಗಳು


ಫೆಬ್ರವರಿ 22

ಮಗಳೇ,

ಕಾಗದ ಕೈಗೆ ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅವಳು ಉಳಿದಿದ್ದಾಳೆ!

ಗಮನವಿಟ್ಟು ಓದು. ಅದನ್ನು ಸಿಕ್ಕ ಸಿಕ್ಕ ಕಂಪ್ಯೂಟರಿಗೆ ಹಾಕಬೇಡ. ಬರೆಯುವ ಡ್ರೈವ್ ಬೇಕು, ಆದರೆ ಅದರಲ್ಲೂ ಒಂದು ಅಪಾಯವಿದೆ. ಕೆಲವು ಕಂಪ್ಯೂಟರುಗಳು 'ಡಿಸ್ಕ್ ಖಾಲಿಯಿದೆ, ಸಿದ್ಧಪಡಿಸಬೇಕೆ?' ಎಂದು ಕೇಳುತ್ತವಂತೆ. ಹೌದು ಎಂದರೆ ಅಮ್ಮನ ಜಾಗದಲ್ಲಿ ಬೇರೇನೋ ಬರೆದುಬಿಡುತ್ತದೆ. ಏನೇ ಕೇಳಿದರೂ ಬೇಡ ಎನ್ನು. ಇದನ್ನೆಲ್ಲ ನಿಮ್ಮ ಹಳೆಯ ತಂತ್ರಜ್ಞರ ಮನೆಗೇ ಹೋಗಿ ಕೇಳಿಕೊಂಡು ಬಂದೆ. ಮೂರನೇ ಮಹಡಿ, ಮಂಡಿ ನೋವು, ಆದರೂ ಹತ್ತಿದೆ. "ಬರೆಯೋ ಡ್ರೈವಿಗೆ ಅರ್ಧ ಬರೆದ ಪಟ್ಟಿನೂ ಕಾಣುತ್ತೆ ಸಾರ್. ಓದೋ ಡ್ರೈವಿಗೆ ಪೂರ್ತಿ ಆದದ್ದು ಮಾತ್ರ" ಎಂದರು. ನಮ್ಮ ಅಚ್ಚುಕೂಟದಲ್ಲೂ ಹಾಗೇ ಇತ್ತು. ಕರಡಿನ ಗುರುತುಗಳು ಕೆಲಸದವರಿಗೆ ಅರ್ಥವಾಗುತ್ತಿದ್ದವು, ಕೊಳ್ಳುವವರಿಗಲ್ಲ.

ಸೂಚನೆಯ ಹಾಳೆಯ ಪ್ರತಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ.

ನೀನು ಕೇಳಿದ್ದಕ್ಕೆ ಬಿಡುವಾಗಿ ಬರೆಯುತ್ತೇನೆ. ಮೊದಲು ಅವಳ ದನಿ ಹೊರಗೆ ಬರಲಿ.

ಮೊದಲ ಕಾಗದದಲ್ಲಿ 'ತಾವು' ಎಂದದ್ದು ಆಫೀಸಿನ ಸಲುವಾಗಿ ಎಂದುಕೊಂಡೆ. ಎರಡನೆಯದರಲ್ಲಿ 'ನೀವು' ಇದೆ. ಚಿಕ್ಕವಳಿದ್ದಾಗ ನನ್ನನ್ನು 'ನೀನು' ಎನ್ನುತ್ತಿದ್ದೆ. ಇದು ಕರಡು ತಿದ್ದುವವನ ಚಟ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಪ್ಪ


ಮಾರ್ಚ್ 30

ಅಪ್ಪ,

ಬರೆಯುವ ಡ್ರೈವ್ ಸಿಕ್ಕಿದ್ದು ಬಸ್ ನಿಲ್ದಾಣದ ಹಿಂದಿನ ಫೋಟೋ ಸ್ಟುಡಿಯೋದಲ್ಲಿ. ಮೊದಲೆಲ್ಲ ಮದುವೆಯ ವಿಡಿಯೋಗಳನ್ನು ಅದರಲ್ಲೇ ಬರೆದುಕೊಡುತ್ತಿದ್ದರಂತೆ. ಜೋಡಿಸಿದರೆ ಟಕ್ ಟಕ್ ಎಂದು ನಿಂತುಬಿಡುತ್ತಿತ್ತು. ಡಿಸ್ಕೇ ಕೆಟ್ಟಿದೆ ಎಂದುಕೊಂಡೆ. ಸ್ಟುಡಿಯೋದವರು ನೋಡಿ ನಕ್ಕರು. "ಅದಕ್ಕೆ ಎರಡು ಬಾಲ ಇದೆಯಮ್ಮಾ. ಒಂದೇ ಚುಚ್ಚಿದ್ರೆ ಅದರ ಹೊಟ್ಟೆ ತುಂಬಲ್ಲ." ವಿದ್ಯುತ್ ಸಾಲುತ್ತಿರಲಿಲ್ಲವಂತೆ, ಎರಡನೆಯ ತಂತಿಯನ್ನೂ ಸಿಕ್ಕಿಸಿದೆವು. ತಿರುಗಿತು. ಏನೋ ಕೇಳಿತು, ಬೇಡ ಎಂದೆ. ಮತ್ತೆ ಕೇಳಿತು, ಬೇಡ ಎಂದೆ. ಆಮೇಲೆ ತೆರೆಯ ಮೇಲೆ ಮೂರು ಸಾಲು ಬಂದವು. ಸ್ಟುಡಿಯೋದವರು ಟೀ ಕುಡಿದು ಬರುತ್ತೇನೆಂದು ಎದ್ದು ಹೋದರು. ಒಳ್ಳೆಯವರು.

ಮೊದಲನೆಯದು ಅವಳು ಕೆಲಸಕ್ಕೆ ಸೇರಿದ ಕಥೆ. ಎರಡನೆಯದರಲ್ಲಿ ಡಾಕ್ಟರ ಲೈನನ್ನು ಸಿನಿಮಾ ಮಂದಿರದ ಗಿರಾಕಿಗೆ ಕೊಟ್ಟದ್ದು. "ಇವತ್ತು ಯಾವ್ದು ಸಾರ್?" "ಮೂತ್ರಪಿಂಡದ ಕಲ್ಲು." "ಎಷ್ಟು ಗಂಟೆಗೆ ಶುರು?" "ಹತ್ತಕ್ಕೆ. ಹೊಟ್ಟೆ ಖಾಲಿ ಇಟ್ಕೊಂಡು ಬನ್ನಿ." ನಗು ತಡೆಯದೆ ಕೆಮ್ಮಿದ್ದಾಳೆ. ನಾನೂ ನಕ್ಕೆ, ಒಬ್ಬಳೇ, ಮದುಮಕ್ಕಳ ಫೋಟೋಗಳ ಮಧ್ಯೆ.

ಮೂರನೆಯದರ ಹನ್ನೊಂದನೆಯ ನಿಮಿಷ. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆದಿದ್ದೇನೆ, ತಿದ್ದಬೇಡ.

"ರೀ, ಮಗಳಿಗೆ ಒಂದು ಫೋನ್ ಹಾಕಿ. ಬಾ ಅನ್ನಿ."

"ನಾಳೆ ಹಾಕೋಣ. ಟ್ರಂಕ್ ಬೋರ್ಡಿಂದು ಮುಗಿಸು ಮೊದ್ಲು. ಎಷ್ಟು ತಂತಿ ಇರ್ತಿತ್ತು?"

"ಇವತ್ತೇ ಹಾಕ್ರೀ. ಸಂಜೆ ಬಸ್ಸಿಗೆ ಬರ್ತಾಳೆ."

"ಹೇಳಿದ್ನಲ್ಲ, ನಾಳೆ. ಅವಳು ಬಂದ್ರೆ ಮೊದ್ಲು ಈ ಮೈಕ್ ಕಿತ್ತು ಬಿಸಾಕ್ತಾಳೆ. ಹೇಳು, ಎಷ್ಟು ತಂತಿ?"

ಆಮೇಲೆ ಫ್ಯಾನಿನ ಸದ್ದು. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತಾರೆ.

"ಸರಿ. ನೂರಿಪ್ಪತ್ತು."

ಅಷ್ಟೇ. ಅದಾದ ಮೇಲೆ ಉಂಗುರ ಮುಗಿಯುತ್ತದೆ.

ನೀನು ಇಲ್ಲ ಎಂದೆ, ಅಪ್ಪ. ನನ್ನ ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ನೀನು ನನ್ನ ಮುಖ ನೋಡಿಕೊಂಡೇ ಇಲ್ಲ ಎಂದೆ.

ಪ್ರತಿ ಕಳಿಸಿದ್ದೇನೆ. ಪ್ರತಿಯನ್ನು ಫೈನಲೈಸ್ ಮಾಡಿದ್ದೇನೆ, ಯಾವ ಡ್ರೈವಿನಲ್ಲಾದರೂ ಓದುತ್ತದೆ. ಮೂಲವನ್ನು ಮುಚ್ಚಿಲ್ಲ. ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ.

ಇನ್ನು ಬರೆಯಬೇಡ.


ಏಪ್ರಿಲ್ 17

ಮಗಳೇ,

ಬರೆಯಬೇಡ ಎಂದಿದ್ದೀಯ. ಇಷ್ಟೇ ಬರೆಯುತ್ತೇನೆ. ಕೇಳಿದೆ. ಹನ್ನೊಂದನೆಯ ನಿಮಿಷದವರೆಗೆ ನನಗೆ ಒಂದೊಂದು ಪದವೂ ನೆನಪಿತ್ತು, ಅವಳ ಜೊತೆಗೇ ತುಟಿ ಆಡಿಸುತ್ತಿದ್ದೆ. ಆಮೇಲಿನದು ನನಗೆ ಗೊತ್ತಿಲ್ಲದ ಯಾರದೋ ಮನೆಯಲ್ಲಿ ನಡೆದ ಹಾಗೆ ಇತ್ತು. ನೂರಿಪ್ಪತ್ತು ಎಂಬುದು ಬಂದಾಗ ಮತ್ತೆ ನೆನಪಿತ್ತು.

ಮರೆತಿದ್ದೆನೋ, ಗೊತ್ತಿದ್ದೇ ಕೇಳಲು ಬರಲಿಲ್ಲವೋ, ಆಣೆ ಮಾಡಿ ಹೇಳಲಾರೆ. ಆರು ವರ್ಷ ಮೇಲಿನ ಮಹಡಿಗೆ ಹತ್ತದಿದ್ದದ್ದು ಮಂಡಿ ನೋವಿಗಲ್ಲ.

ನೀನು 'ನೀನು' ಎಂದದ್ದನ್ನು ಗಮನಿಸಿದೆ.

ಅಪ್ಪ


ಮೇ 2

ಮುಖ್ಯ ಗ್ರಂಥಪಾಲಕರಿಗೆ,
(ಪ್ರತಿ ಸೂಚನಾಫಲಕಕ್ಕೆ. ಮೊದಲಿನದರ ಪಕ್ಕದಲ್ಲಿ.)

ಆರು ವರ್ಷದ ಹಿಂದೆ, ಒಂದು ಮಂಗಳವಾರದ ಮಧ್ಯಾಹ್ನ, ಸಾಯುತ್ತಿದ್ದ ಹೆಂಗಸೊಬ್ಬಳು ತನ್ನ ಮಗಳನ್ನು ಕರೆಸಿ ಎಂದು ಎರಡು ಸಲ ಕೇಳಿದಳು. ಕೈಗೆಟುಕುವಷ್ಟು ದೂರದಲ್ಲಿ ಫೋನಿತ್ತು. ಇಪ್ಪತ್ತಾರು ವರ್ಷ ಯಾರು ಯಾರಿಗೋ ಲೈನ್ ಕೊಟ್ಟವಳಿಗೆ ಒಂದೇ ಒಂದು ಕರೆ ಬೇಕಿತ್ತು. ಸಿಗಲಿಲ್ಲ. ಮರುದಿನ ನಸುಕಿನಲ್ಲಿ ತೀರಿಕೊಂಡಳು. ಬೆಳಿಗ್ಗೆ ಮಗಳು ಬಂದು, ಅಮ್ಮ ನನ್ನನ್ನು ಕೇಳಿದಳೇ ಎಂದಾಗ, ಇಲ್ಲ ಎಂಬ ಉತ್ತರ ಕೊಡಲಾಯಿತು. 'ಕೊಡಲಾಯಿತು' ಎಂಬುದನ್ನು ತಿದ್ದುತ್ತೇನೆ. ನಾನು ಕೊಟ್ಟೆ.

ಇದನ್ನು ಗ್ರಂಥಾಲಯದ ಗೋಡೆಗೆ ಏಕೆ ಅಂಟಿಸಬೇಕು ಎಂದು ನೀವು ಕೇಳಬಹುದು. ಜನವರಿಯಲ್ಲಿ ಇದೇ ಗೋಡೆಯ ಮೇಲೆ ನಿಮ್ಮನ್ನು ಉತ್ತರ ಕೇಳಿದವನು ನಾನು. ಕೇಳುವ ಹಕ್ಕು ನನಗೆಷ್ಟಿದೆ ಎಂದು ಓದುವವರಿಗೆ ಗೊತ್ತಿರಬೇಕು. ನೀವು ಇದ್ದ ದನಿಯನ್ನು ಖಾಲಿ ಎಂದು ಬರೆದಿರಿ. ನಾನು ಕೇಳಿಸಿಕೊಂಡ ಮಾತನ್ನು ಇಲ್ಲ ಎಂದು ಹೇಳಿದೆ. ನಿಮ್ಮ ತಪ್ಪಿನ ಬುಡದಲ್ಲಿ ಓದಲು ಮಾತ್ರ ಬರುವ ಡ್ರೈವ್ ಒಂದಿದೆ. ನನಗೆ ಅಂಥ ನೆಪವೂ ಇಲ್ಲ.

ಆದರೆ ನನ್ನ ತಪ್ಪು ನಿಮ್ಮದನ್ನು ಅಳಿಸುವುದಿಲ್ಲ. ಮೂವತ್ತೆಂಟರಲ್ಲಿ ಒಂದು ಡಿಸ್ಕ್ ಬದುಕಿದೆ, ಅದು ಖಾಲಿಯಾಗಿರಲಿಲ್ಲ. ಉಳಿದ ಮೂವತ್ತೇಳರಲ್ಲೂ ಯಾರೋ ಯಾರನ್ನೋ ಕರೆಯಿರಿ ಎಂದಿರಬಹುದು. ಗಡಿಯಾರದವರ ಮಗನಿಗೆ, ಸೂಲಗಿತ್ತಿಯ ಮೊಮ್ಮಕ್ಕಳಿಗೆ ಅದು ಇನ್ನೆಂದೂ ತಿಳಿಯುವುದಿಲ್ಲ. ಪಟ್ಟಿಗೆ ಸಹಿ ಹಾಕಿದವಳ ಮೇಲೆ ಇದನ್ನು ಹೊರಿಸಬೇಡಿ. ಆ ಕಟ್ಟಡದಲ್ಲಿ 'ಇಷ್ಟೊಂದು ಖಾಲಿ ಯಾಕಿರುತ್ತೆ?' ಎಂದು ಕೇಳಿದವಳು ಅವಳೊಬ್ಬಳೇ. ಆ ಪ್ರಶ್ನೆಗೆ ತಲೆ ಓಡಿಸಬೇಡ ಎಂದವರು ಯಾರು, ಮುಚ್ಚುವ ಹೊಣೆ ಹೊತ್ತ ಹುದ್ದೆಯನ್ನು ನಾಲ್ಕು ವರ್ಷ ಖಾಲಿ ಬಿಟ್ಟವರು ಯಾರು? 'ಖಾಲಿ' ಎಂಬ ಪದ ಸರಿಯಾಗಿ ಹೊಂದುವುದು ಆ ಹುದ್ದೆಗೆ.

ಮೇ ಹದಿನಾರರ ಶನಿವಾರ ಬೆಳಿಗ್ಗೆ ಹತ್ತಕ್ಕೆ ಓದುವ ಕೋಣೆಯಲ್ಲಿ ನಾನು ಆ ಡಿಸ್ಕಿನ ಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಹಾಕುತ್ತೇನೆ. ಹನ್ನೊಂದನೆಯ ನಿಮಿಷವನ್ನೂ ಹಾರಿಸುವುದಿಲ್ಲ. ಮೂವತ್ತೇಳು ಮನೆಯವರಿಗೂ ಹೋಗಿ ಹೇಳಿಬಂದಿದ್ದೇನೆ. ಡಿಸ್ಕ್ ಮುಗಿದ ಮೇಲೆ ಎದ್ದು ನಿಂತು, ನಾನು ಯಾಕೆ ಫೋನ್ ಮಾಡಲಿಲ್ಲ, ಯಾಕೆ ಇಲ್ಲ ಎಂದೆ ಎಂಬುದನ್ನು ಎಲ್ಲರೆದುರು ಹೇಳುತ್ತೇನೆ. ಅದನ್ನು ಕೇಳಬೇಕಾದವಳು ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಾಳೆ. ಇಳಿದು ಬರುವುದು, ಬಾರದಿರುವುದು ಅವಳಿಗೆ ಬಿಟ್ಟದ್ದು. ಮುಂದಿನ ಸಾಲಿನ ಒಂದು ಕುರ್ಚಿಯಲ್ಲಿ ಯಾರನ್ನೂ ಕೂರಿಸಬೇಡಿ.

ನನ್ನದು ಮುಗಿದ ಮೇಲೆ ಮೈಕ್ ನಿಮ್ಮ ಕೈಗೆ ಬರುತ್ತದೆ. ಪತ್ರದಲ್ಲಿ ಬೇಡ, ಸಹಾಯಕಿಯ ಮೂಲಕ ಬೇಡ, 'ಮಾಡಲಾಗಿದೆ', 'ಕಂಡುಬಂದಿದೆ' ಎಂಬ ಮಾತು ಬೇಡ. ಮೂವತ್ತೇಳು ಹೆಸರುಗಳನ್ನು ಒಂದೊಂದಾಗಿ ಓದಿ, ಪ್ರತಿ ಹೆಸರಿನ ಮುಂದೆಯೂ ಅದನ್ನು ಖಾಲಿ ಎಂದವರು ಯಾರೆಂದು ಹೇಳಿ. ನಾವು ಕೂತು ಕೇಳುತ್ತೇವೆ. ಉತ್ತರ ಬರುವ ತನಕ ಯಾರೂ ಏಳುವುದಿಲ್ಲ.

ಮೂವತ್ತೊಂದನೆಯ ಸಾಲಿನವಳ ಗಂಡ